ಸೌದಿಯ ವಿಷನ್ 2030: ಎಣ್ಣೆ ಬಿಟ್ಟು ಬದುಕಲು ಹೊರಟ ದೇಶ. ಅಲ್ಲಿ ಇದ್ದವರು, ಇರುವವರು ಬರೆಯಿರಿ

ಜುಬೈಲ್ ಫಿಟ್ಟರ್

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗನಿಗೆ ರಿಯಾದ್‌ನಿಂದ ಕೆಲಸದ ಕರೆ ಬಂದಿದೆ. ಹುಡುಗ ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್. ಮನೆಯಲ್ಲಿ ಎಲ್ಲರೂ ನನ್ನನ್ನೇ ಕೇಳುತ್ತಿದ್ದಾರೆ. "ನೀನು 17 ವರ್ಷ ಅಲ್ಲಿದ್ದವನು. ಎಣ್ಣೆ ಬಿಟ್ಟು ಬೇರೆ ದಾರಿ ಹುಡುಕುತ್ತಿದ್ದಾರಂತೆ. ಹುಡುಗನ ಕೆಲಸ ಉಳಿಯುತ್ತಾ?" ಫೋನಿನಲ್ಲಿ ಎರಡು ಮಾತಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು 2004ರಿಂದ 2021ರವರೆಗೆ ಜುಬೈಲ್‌ನಲ್ಲಿದ್ದೆ. ಪೈಪ್ ಫಿಟ್ಟಿಂಗ್, ಆಮೇಲೆ ಶಟ್‌ಡೌನ್ ಕೆಲಸ. ಕಾರ್ಖಾನೆ ನಿಲ್ಲಿಸಿ ಇಪ್ಪತ್ತು, ಮೂವತ್ತು ದಿನದಲ್ಲಿ ರಿಪೇರಿ ಮುಗಿಸಿ ಮತ್ತೆ ಚಾಲೂ ಮಾಡೋದು. ಹಗಲು ರಾತ್ರಿ ಎರಡು ಪಾಳಿ. ಒಳ್ಳೆಯ ದಿನಗಳೂ ಇದ್ದವು.

2014ರ ನಡುವಿನಲ್ಲಿ ಒಂದು ಬ್ಯಾರೆಲ್ ಎಣ್ಣೆಗೆ 100 ಡಾಲರ್‌ಗಿಂತ ಜಾಸ್ತಿ ಇತ್ತು. 2016ರ ಜನವರಿಯಲ್ಲಿ ಅದು 30 ಡಾಲರ್‌ಗಿಂತ ಕೆಳಗೆ ಬಂತು. ನಮಗೆ ಅದು ಪೇಪರಿನ ಸುದ್ದಿ ಆಗಿರಲಿಲ್ಲ. ಮೊದಲು ಓವರ್‌ಟೈಮ್ ನಿಂತಿತು. ಆಮೇಲೆ ಸಂಬಳ ತಡವಾಯಿತು. ನಾನಿದ್ದ ಕಂಪನಿಯಲ್ಲಿ ಎರಡು ತಿಂಗಳು ಬರಲೇ ಇಲ್ಲ. ಕ್ಯಾಂಪ್ ಪಕ್ಕದ ಬಕಾಲಾದವನು, ಅಂದರೆ ದಿನಸಿ ಅಂಗಡಿಯವನು, ಸಾಲ ಕೊಡೋದನ್ನು ನಿಲ್ಲಿಸಿದ. ಅವನು ಎಣ್ಣೆ ಮಾರುವವನಲ್ಲ, ಮೊಟ್ಟೆ, ಬ್ರೆಡ್ಡು ಮಾರುವವನು. ಆದರೂ ಅವನ ವ್ಯಾಪಾರ ಬಿತ್ತು. ಇಡೀ ದೇಶದ ಗದ್ದೆಗೆಲ್ಲ ಒಂದೇ ತೊರೆಯಿಂದ ನೀರು ಹರಿಯುತ್ತಿತ್ತು ಅಂತ ನನಗೆ ತಿಳಿದದ್ದು ಆವಾಗ.

ಅದೇ ವರ್ಷ ಏಪ್ರಿಲ್ 25ಕ್ಕೆ ವಿಷನ್ 2030 ಘೋಷಣೆ ಆಯಿತು. ಈಗಿನ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಆಗ ಇನ್ನೂ ಉಪ ಯುವರಾಜ. ಖಾಸಗಿ ಉದ್ಯಮ ಬೆಳೆಸುತ್ತೇವೆ, ಹೆಂಗಸರು ಕೆಲಸಕ್ಕೆ ಬರಬೇಕು, ಪ್ರವಾಸೋದ್ಯಮ, ಗಣಿಗಾರಿಕೆ ಬರಬೇಕು ಅಂದರು. ಎಣ್ಣೆಯೇತರ ಸರ್ಕಾರಿ ಆದಾಯ ಸುಮಾರು 163 ಶತಕೋಟಿ ರಿಯಾಲ್‌ನಿಂದ ಸಾವಿರ ಶತಕೋಟಿಗೆ ಏರಬೇಕು ಅಂತ ಗುರಿ ಇಟ್ಟರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯೋಜನೆ ಸುಳ್ಳಲ್ಲ. ಅಲ್ಲಿನ ಜನಜೀವನ ನನ್ನ ಕಣ್ಣೆದುರೇ ಬದಲಾಯಿತು. ಆದರೆ ಹೊಸ ಕೆಲಸಗಳಿಗೆ ಹೋಗುತ್ತಿರುವ ದುಡ್ಡು ಇನ್ನೂ ಬಹುಪಾಲು ಎಣ್ಣೆಯದ್ದೇ. 2024ರಲ್ಲಿ ಸರ್ಕಾರಕ್ಕೆ ಬಂದದ್ದು 1,259 ಶತಕೋಟಿ ರಿಯಾಲ್. ಅದರಲ್ಲಿ 757 ಎಣ್ಣೆಯಿಂದಲೇ. ನೂರಕ್ಕೆ ಅರವತ್ತು. ಹುಡುಗನಿಗೆ ಏನು ಹೇಳಲಿ ಅನ್ನೋದು ಈ ಲೆಕ್ಕದ ಮೇಲೆ ನಿಂತಿದೆ.

ಕರಾವಳಿ ಹುಡುಗ

ಅಣ್ಣ, 2013ರಲ್ಲಿ ನಮ್ಮೂರಿಗೆ ತುಂಬಾ ಜನ ವಾಪಸ್ ಬಂದರಲ್ಲ, ನಿತಾಕತ್ ಅಂತ. ಅದೂ ಈ ಯೋಜನೆಯದ್ದೇನಾ?

ಜುಬೈಲ್ ಫಿಟ್ಟರ್

ಇಲ್ಲ ತಮ್ಮಾ, ಅದು ಇದಕ್ಕಿಂತ ಹಳೇದು. ನಿತಾಕತ್ 2011ರಲ್ಲಿ ಬಂತು. ಕಂಪನಿಯಲ್ಲಿ ಎಷ್ಟು ಮಂದಿ ಸೌದಿ ಪ್ರಜೆಗಳಿದ್ದಾರೆ ಅನ್ನೋದರ ಮೇಲೆ ಬಣ್ಣ ಕೊಡುತ್ತಾರೆ. ಹಸಿರು ಇದ್ದರೆ ವೀಸಾ ಸಿಗುತ್ತದೆ. ಕೆಂಪು ಬಿದ್ದರೆ ಕೆಲಸಗಾರರ ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ನವೀಕರಣವೇ ಆಗುವುದಿಲ್ಲ. 2013ರಲ್ಲಿ ತಪಾಸಣೆ ಬಿಗಿ ಮಾಡಿದರು. ಇಕಾಮಾ ಒಬ್ಬನ ಹೆಸರಲ್ಲಿ, ಕೆಲಸ ಇನ್ನೊಬ್ಬನ ಹತ್ತಿರ ಅಂತ ಇದ್ದವರೆಲ್ಲ ಸಿಕ್ಕಿಬಿದ್ದರು. ವಿಷನ್ ಬಂದಮೇಲೆ ಅದು ಇನ್ನೂ ಬಿಗಿಯಾಯಿತು. 2016ರಲ್ಲಿ ಮೊಬೈಲ್ ಅಂಗಡಿಗಳಲ್ಲಿ ಸೌದಿಗಳೇ ಇರಬೇಕು ಅಂತಾಯಿತು. ಕರಾವಳಿ, ಕೇರಳದ ಎಷ್ಟೋ ಹುಡುಗರು ಆ ಅಂಗಡಿಗಳಲ್ಲೇ ಇದ್ದವರು.

ದಮ್ಮಾಮ್‌ನಲ್ಲಿ ಬೆಳೆದವಳು

ಈ ವಿಷಯ ಬಂದರೆ ನನಗೆ ಸುಮ್ನೆ ಇರೋಕೆ ಆಗುವುದಿಲ್ಲ.

ನಾನು ಹುಟ್ಟಿದ್ದು ಮಂಗಳೂರಿನಲ್ಲಿ. ಎರಡನೇ ವಯಸ್ಸಿನಿಂದ ಪಿಯುಸಿವರೆಗೆ ದಮ್ಮಾಮ್. ಅಪ್ಪ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟೆಂಟ್. 2017ರ ಜುಲೈನಲ್ಲಿ ಕುಟುಂಬದವರ ಮೇಲೆ ಫೀ ಶುರುವಾಯಿತು. ತಲೆಗೆ ತಿಂಗಳಿಗೆ 100 ರಿಯಾಲ್. ಮುಂದಿನ ವರ್ಷ 200, ಆಮೇಲೆ 300, 2020ಕ್ಕೆ 400. ಅಮ್ಮ, ನಾನು, ತಮ್ಮ ಸೇರಿ ಮೂರು ತಲೆ. 2020ರ ಲೆಕ್ಕದಲ್ಲಿ ವರ್ಷಕ್ಕೆ 14,400 ರಿಯಾಲ್ ಆಗುತ್ತಿತ್ತು. ಇಕಾಮಾ ನವೀಕರಣಕ್ಕೆ ಹೋದಾಗ ಇದನ್ನು ಮುಂಗಡವಾಗಿ ಕಟ್ಟಬೇಕು. ಅಪ್ಪ ಒಂದು ರಾತ್ರಿ ಊಟದ ಮೇಜಿನ ಮೇಲೆ ಕಾಗದ ಇಟ್ಟು ಲೆಕ್ಕ ಹಾಕಿದರು. ಯಾರೂ ಮಾತಾಡಲಿಲ್ಲ. 2018ರ ಜೂನ್ ಕೊನೆಗೆ ನಾವು ಮೂವರೂ ಫೈನಲ್ ಎಕ್ಸಿಟ್, ಅಂದರೆ ದೇಶ ಬಿಟ್ಟು ಹೊರಡುವ ಕೊನೆಯ ವೀಸಾ, ಹೊಡೆಸಿಕೊಂಡು ಬಂದೆವು. ಅಪ್ಪ ಮನೆ ಬಿಟ್ಟು ಒಂದು ರೂಮಿಗೆ ಹೋದರು, ನಾಲ್ಕು ಜನರ ಜೊತೆ.

ನಾವು ಹೊರಡುವ ವಾರವೇ, ಜೂನ್ 24ಕ್ಕೆ, ಹೆಂಗಸರು ಕಾರು ಓಡಿಸಬಹುದು ಅನ್ನೋ ಕಾನೂನು ಜಾರಿಗೆ ಬಂತು. ಅಮ್ಮ ಆ ಊರಿನಲ್ಲಿ 16 ವರ್ಷ ಇದ್ದರು. ತರಕಾರಿ ತರಲೂ ಅಪ್ಪ ಕೆಲಸದಿಂದ ಬರೋದನ್ನು ಕಾಯಬೇಕಿತ್ತು. ಹೋಟೆಲಿಗೆ ಹೋದರೆ ಫ್ಯಾಮಿಲಿ ಬಾಗಿಲು ಬೇರೆ, ಗಂಡಸರ ಬಾಗಿಲು ಬೇರೆ. ಅಂಥ ಅಮ್ಮ ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಪಕ್ಕದ ಕಾರಿನಲ್ಲಿ ಒಬ್ಬಳು ಹುಡುಗಿ ಸ್ಟೀರಿಂಗ್ ಹಿಡಿದದ್ದನ್ನು ನೋಡಿದರು. ಕುತ್ತಿಗೆ ತಿರುಗಿಸಿ ನೋಡುತ್ತಲೇ ಇದ್ದರು.

2023ರಲ್ಲಿ ಅಪ್ಪನನ್ನು ನೋಡಲು ವಿಸಿಟ್ ವೀಸಾದಲ್ಲಿ ಹೋಗಿದ್ದೆ. ಸೂಪರ್ ಮಾರ್ಕೆಟ್ ಕೌಂಟರಿನಲ್ಲಿ ಸೌದಿ ಹುಡುಗಿಯರು. ಕಾಫಿ ಅಂಗಡಿಯಲ್ಲೂ ಅವರೇ. ನಮಾಜಿನ ಹೊತ್ತಿಗೆ ಶಟರ್ ಎಳೆಯುತ್ತಿದ್ದ ಅಂಗಡಿಗಳು ಈಗ ತೆರೆದೇ ಇದ್ದವು. ಅಪ್ಪ ಮತ್ತು ನಾನು ಅಲ್ಲಿ ಮೊದಲ ಸಲ ಸಿನಿಮಾಕ್ಕೆ ಹೋದೆವು. 35 ವರ್ಷಕ್ಕೂ ಜಾಸ್ತಿ ಅಲ್ಲಿ ಚಿತ್ರಮಂದಿರವೇ ಇರಲಿಲ್ಲ. 2018ರ ಏಪ್ರಿಲ್‌ನಲ್ಲಿ ರಿಯಾದ್‌ನಲ್ಲಿ ಮೊದಲನೇದು ತೆರೆಯಿತು.

2016ರಲ್ಲಿ ದುಡಿಯುವ ಸೌದಿ ಹೆಂಗಸರ ಪ್ರಮಾಣ ನೂರಕ್ಕೆ 22 ಇತ್ತು. 2030ಕ್ಕೆ 30 ಆಗಲಿ ಅಂತ ಗುರಿ ಇಟ್ಟಿದ್ದರು. ಅದು ಎಷ್ಟೋ ವರ್ಷ ಮುಂಚೆಯೇ ದಾಟಿ ಈಗ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಆಗಿದೆ. ಆ ಕೌಂಟರ್ ಹುಡುಗಿಯ ಮುಖ ನೋಡಿ ನನಗೆ ನಿಜವಾಗಿಯೂ ಖುಷಿಯಾಯಿತು. ನಮ್ಮ ಮನೆ ಒಡೆದದ್ದೂ ಅದೇ ಯೋಜನೆಯಿಂದ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳೋದು ನನಗೆ ಇವತ್ತಿಗೂ ಕಷ್ಟ.

ಭಟ್ಕಳದ ಅಕ್ಕ

ತಂಗೀ, ನಿನ್ನ ಅಪ್ಪ ಈಗ ಹೇಗಿದ್ದಾರೆ? ನಮ್ಮ ಬೀದಿಯಲ್ಲೂ ಆ ಎರಡು ವರ್ಷದಲ್ಲಿ ಹೆಂಗಸರು, ಮಕ್ಕಳು ತುಂಬಾ ಜನ ವಾಪಸ್ ಬಂದರು. ಶಾಲೆಯಲ್ಲಿ ಕನ್ನಡ ಬಾರದ ಮಕ್ಕಳಿಗೆ ಏಳನೇ ಕ್ಲಾಸಿನಲ್ಲಿ ಅಆಇಈ ಕಲಿಸಬೇಕಾಯಿತು.

ಒಂದು ಮಾತು ಸೇರಿಸುತ್ತೇನೆ. ಎಣ್ಣೆ ಸಿಗುವ ಮುಂಚೆ ಆ ರಾಜ್ಯ ನಡೆಯುತ್ತಿದ್ದದ್ದು ಬಹುಪಾಲು ಹಜ್ ಯಾತ್ರಿಕರಿಂದ ಬರುವ ದುಡ್ಡಿನಿಂದ. ಈಗ ಮತ್ತೆ ಅದಕ್ಕೇ ಒತ್ತು ಕೊಡುತ್ತಿದ್ದಾರೆ. ಉಮ್ರಾ ಅಂದರೆ ಹಜ್ ಕಾಲದ ಹೊರಗೂ ಮಾಡಬಹುದಾದ ಮೆಕ್ಕಾ ಯಾತ್ರೆ. ಹೊರದೇಶದ ಉಮ್ರಾ ಯಾತ್ರಿಕರು 2030ಕ್ಕೆ 3 ಕೋಟಿ ಆಗಬೇಕಂತೆ. 2024ರಲ್ಲೇ ಒಂದೂವರೆ ಕೋಟಿ ದಾಟಿದೆ. ನನ್ನ ಅತ್ತೆ ಹೋದವರ್ಷ ಹೋಗಿ ಬಂದರು. ಮೆಕ್ಕಾದಿಂದ ಮದೀನಾಕ್ಕೆ ರೈಲಿನಲ್ಲಿ ಹೋದರಂತೆ. ಮೊದಲಾದರೆ ಬಸ್ಸಿನಲ್ಲಿ ಆರು ತಾಸು ಕೂತು ಸೊಂಟ ಹಿಡಿದುಕೊಳ್ಳುತ್ತಿತ್ತು.

ಕೋಲಾರದ ರೈತ

ನಾನು ಆ ದೇಶ ನೋಡಿದವನಲ್ಲ. ಆದರೆ ಅಲ್ಲಿನ ಗೋಧಿಯ ಕಥೆ ಓದಿದ್ದೇನೆ. ಅದನ್ನು ಇಲ್ಲಿ ಹೇಳಲೇಬೇಕು. ಯಾಕಂದರೆ ಎಣ್ಣೆ ಬಿಟ್ಟು ಬೇರೆ ಮಾಡುತ್ತೇವೆ ಅಂತ ಅವರು ಹೊರಟದ್ದು ಇದೇ ಮೊದಲಲ್ಲ.

1980ರ ದಶಕದಲ್ಲಿ ಸರ್ಕಾರ ರೈತರಿಗೆ ಲೋಕದ ಮಾರುಕಟ್ಟೆಗಿಂತ ಎಷ್ಟೋ ಪಟ್ಟು ಬೆಲೆ ಕೊಟ್ಟು ಗೋಧಿ ಕೊಂಡಿತು. ಬೋರ್‌ವೆಲ್‌ಗೆ ಸಾಲ, ಡೀಸೆಲ್ ಅಗ್ಗ. ಮರಳುಗಾಡಿನಲ್ಲಿ ನೀರು ಸುರಿಸುವ ಉದ್ದನೆಯ ತೋಳು ಸುತ್ತುತ್ತಿತ್ತು. ಮೇಲಿನಿಂದ ನೋಡಿದರೆ ಹಸಿರು ತಟ್ಟೆ ಜೋಡಿಸಿಟ್ಟ ಹಾಗೆ. 1990ರ ದಶಕದ ಶುರುವಿಗೆ ಸೌದಿ ಗೋಧಿ ರಫ್ತು ಮಾಡುವ ದೊಡ್ಡ ದೇಶಗಳ ಸಾಲಿಗೆ ಬಂತು. ಮಳೆಯೇ ಇಲ್ಲದ ನೆಲ ಸ್ವಾಮಿ! ನೀರು ಎಲ್ಲಿಂದ? ಸಾವಿರಾರು ವರ್ಷ ಹಿಂದೆ ನೆಲದಡಿ ಸೇರಿದ ನೀರು. ಒಮ್ಮೆ ತೆಗೆದರೆ ಮತ್ತೆ ತುಂಬೋದಿಲ್ಲ. 2008ರಲ್ಲಿ ತಪ್ಪು ಒಪ್ಪಿಕೊಂಡು ಸರ್ಕಾರ ಖರೀದಿಯನ್ನು ವರ್ಷವರ್ಷ ಇಳಿಸುತ್ತಾ ಬಂತು. 2016ಕ್ಕೆ ನಿಲ್ಲಿಸಿತು. ವಿಷನ್ ಬಂದ ವರ್ಷವೇ.

ಅದರ ನಡುವೆ, 2014ರಲ್ಲಿ, ಅಲ್ಲಿನ ದೊಡ್ಡ ಡೈರಿ ಕಂಪನಿ ಅಮೆರಿಕದ ಅರಿಜೋನಾದಲ್ಲಿ ಜಮೀನು ಕೊಂಡಿತು. ಅಲ್ಲಿ ಕುದುರೆ ಮಸಾಲೆ ಎಂಬ ಮೇವು ಬೆಳೆದು, ಒಣಗಿಸಿ, ಹಡಗಿನಲ್ಲಿ ಹಸುಗಳಿಗೆ ತರಿಸಿತು.

ನಮ್ಮ ತಾಲ್ಲೂಕಿನಲ್ಲಿ ಸಾವಿರ ಅಡಿ ಕೊರೆಸಿ ದೂಳು ನೋಡಿದವನು ನಾನು. ದುಡ್ಡು ಇದ್ದರೆ ಎಲ್ಲಿ ಬೇಕಾದರೂ ಏನು ಬೇಕಾದರೂ ಬೆಳೆಯಬಹುದು ಅನ್ನೋ ಮಾತನ್ನು ನಾನು ನಂಬುವುದಿಲ್ಲ. ಆ ಗೋಧಿ ಬೆಳೆದದ್ದು ನೀರಿನಿಂದ ಅಲ್ಲ, ಎಣ್ಣೆ ದುಡ್ಡಿನಿಂದ. ದುಡ್ಡು ನಿಂತಾಗ ಗೋಧಿಯೂ ನಿಂತಿತು. ಈಗ ಕಟ್ಟುತ್ತಿರುವ ಹೊಸ ಪಟ್ಟಣಗಳ ಬಗ್ಗೆಯೂ ನನ್ನ ಪ್ರಶ್ನೆ ಇದೇ. ತೋಳು ತಿರುಗಿಸುವವರು ಯಾರು?

ಧಾರವಾಡದ ಮೇಷ್ಟ್ರು

ರೈತ ಬಂಧುಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ನಾನು ಅರ್ಥಶಾಸ್ತ್ರ ಪಾಠ ಮಾಡುವವನು. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

1938ರ ಮಾರ್ಚ್‌ನಲ್ಲಿ ದಮ್ಮಾಮ್‌ನ 7ನೇ ಬಾವಿಯಲ್ಲಿ ಎಣ್ಣೆ ಸಿಕ್ಕಿತು. 1970ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಬಂತು. ಎಣ್ಣೆ ಒಂದನ್ನೇ ನಂಬಬಾರದು ಅಂತ ಅವರು ಆವಾಗಿನಿಂದ ಹೇಳುತ್ತಲೇ ಇದ್ದಾರೆ. ಕೈಗೂಡಿದ್ದೂ ಉಂಟು. ಜುಬೈಲ್, ಯಾನ್ಬು ಕೈಗಾರಿಕಾ ನಗರಗಳು, 1976ರ ಸಾಬಿಕ್ ರಸಾಯನ ಕಂಪನಿ, ಇವೆಲ್ಲ ನಿಜವಾದ ಉದ್ಯಮಗಳು. ಆದರೆ ಅವುಗಳ ಕಚ್ಚಾವಸ್ತು ಎಣ್ಣೆ ಮತ್ತು ಅನಿಲ.

ಬೆಲೆ ಬಿದ್ದಾಗ ಯೋಜನೆ, ಏರಿದಾಗ ಮರೆವು. ಇದು ಹಳೆಯ ಚಾಳಿ. 2016ರದ್ದು ಬೇರೆ ಯಾಕೆ ಅಂದರೆ, ಅವರು ಮೊದಲ ಸಲ ಜನರ ಜೇಬಿಗೆ ಕೈ ಹಾಕಿದರು. ಪೆಟ್ರೋಲ್ ದರ ಏರಿಸಿದರು. 2018ರ ಜನವರಿಯಲ್ಲಿ 5 ಪರ್ಸೆಂಟ್ ವ್ಯಾಟ್ ತಂದರು. ಕೋವಿಡ್ ವರ್ಷದ ಜುಲೈನಲ್ಲಿ ಅದನ್ನು ಒಂದೇ ಏಟಿಗೆ 15ಕ್ಕೆ ಒಯ್ದರು. ತೆರಿಗೆಯೇ ಕಟ್ಟದೆ ಬೆಳೆದ ಜನಕ್ಕೆ ಇದು ಸಣ್ಣ ವಿಷಯ ಅಲ್ಲ. ಎಣ್ಣೆಯೇತರ ಆದಾಯ 2024ಕ್ಕೆ 502 ಶತಕೋಟಿ ರಿಯಾಲ್‌ಗೆ, ಅಂದರೆ ಸುಮಾರು ಮೂರು ಪಟ್ಟಿಗೆ ಏರಿದ್ದರಲ್ಲಿ ಈ ವ್ಯಾಟ್, ನಮ್ಮ ದಮ್ಮಾಮ್ ತಂಗಿಯ ಅಪ್ಪ ಕಟ್ಟಿದಂಥ ಫೀ, ಎಲ್ಲವೂ ಸೇರಿವೆ. ಅದನ್ನು ಹೊಸ ಉದ್ಯಮದ ಗಳಿಕೆ ಅಂತ ಪೂರ್ತಿ ಲೆಕ್ಕ ಹಿಡಿಯಬಾರದು.

ಎರಡನೇ ಬದಲಾವಣೆ ಪಿಐಎಫ್ ಎಂಬ ಸರ್ಕಾರಿ ನಿಧಿ. 1971ರಿಂದ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಈಗ ದೇಶದ ದೊಡ್ಡ ಕಾಮಗಾರಿಗಳೆಲ್ಲ ಅದರ ಕೈಯಲ್ಲಿವೆ. ಅದಕ್ಕೆ ದುಡ್ಡು ಎಲ್ಲಿಂದ? 2019ರ ಡಿಸೆಂಬರ್‌ನಲ್ಲಿ ಸರ್ಕಾರದ ಎಣ್ಣೆ ಕಂಪನಿ ಅರಾಮ್ಕೋದ 1.5 ಪರ್ಸೆಂಟ್ ಷೇರು ಮಾರಿದಾಗ 25.6 ಶತಕೋಟಿ ಡಾಲರ್ ಬಂತು. ಮರುವರ್ಷ ನಿಧಿ ತನ್ನ ಬಳಿ ಇದ್ದ ಸಾಬಿಕ್ ಪಾಲನ್ನು ಅರಾಮ್ಕೋಗೇ 69 ಶತಕೋಟಿ ಡಾಲರ್‌ಗೆ ಮಾರಿತು. ಎಡಗೈಯಿಂದ ಬಲಗೈಗೆ. ನಾರ್ವೆ ಕೂಡ ಎಣ್ಣೆ ದುಡ್ಡನ್ನು ನಿಧಿಯಲ್ಲಿ ಇಡುತ್ತದೆ. ಆದರೆ ಆ ನಿಧಿ ಹೊರದೇಶಗಳಲ್ಲಿ ಮಾತ್ರ ಹೂಡುತ್ತದೆ. ಎಣ್ಣೆ ಬೆಲೆ ಬಿದ್ದರೂ ಆ ಗಂಟು ಬೇರೆ ಕಡೆ ಭದ್ರ. ಸೌದಿಯದ್ದು ಬಹುಪಾಲು ದೇಶದೊಳಗೇ ಕಟ್ಟಡ, ರಸ್ತೆ, ರೆಸಾರ್ಟ್ ಆಗಿ ನಿಲ್ಲುತ್ತಿದೆ. ಬೆಲೆ ಬಿದ್ದರೆ ಎರಡೂ ಒಟ್ಟಿಗೆ ಸೊರಗುತ್ತವೆ.

ನಾನು ಅವರನ್ನು ಹಳಿಯುತ್ತಿಲ್ಲ. ನಾರ್ವೆಯಲ್ಲಿ ಎಣ್ಣೆ ಸಿಗುವ ಮುಂಚೆಯೇ ಹಡಗು, ಮೀನು, ಕಾಗದ, ವಿದ್ಯುತ್ ಎಲ್ಲ ಇತ್ತು. ಸೌದಿಯಲ್ಲಿ ಪ್ರಜೆಗಳಲ್ಲಿ ನೂರಕ್ಕೆ 63 ಮಂದಿ 30 ವರ್ಷದ ಒಳಗಿನವರು. ಅವರಿಗೆ ಕೆಲಸ ಈಗಲೇ ಬೇಕು. ಅಪ್ಪಂದಿರಿಗೆ ಸಿಕ್ಕ ಸರ್ಕಾರಿ ನೌಕರಿ ಮಕ್ಕಳಿಗೆಲ್ಲ ಸಿಗುವುದಿಲ್ಲ. ನಿರುದ್ಯೋಗ 11.6ರಿಂದ 2024ರ ಕೊನೆಗೆ 7 ಪರ್ಸೆಂಟಿಗೆ ಇಳಿದದ್ದು ದೊಡ್ಡ ಸಾಧನೆ ಅಂತಲೇ ನಾನು ಹೇಳುತ್ತೇನೆ.

ರಿಯಾದ್ ಸೈಟ್ ಎಂಜಿನಿಯರ್

ಮೇಷ್ಟ್ರೇ, ಲೆಕ್ಕ ಸರಿ. ಆದರೆ ಇಲ್ಲಿ ನಿಂತು ನೋಡಿದರೆ ಕಾಣೋದೇ ಬೇರೆ. ರಿಯಾದ್ ಮೆಟ್ರೊ 2024ರ ಡಿಸೆಂಬರ್ 1ಕ್ಕೆ ಶುರುವಾಯಿತು. 176 ಕಿಲೋಮೀಟರ್, 85 ನಿಲ್ದಾಣ, ಚಾಲಕ ಇಲ್ಲದ ರೈಲು. ಕಾರಿಲ್ಲದವನು ಈ ಊರಿನಲ್ಲಿ ಕಾಲಿಲ್ಲದವನ ಹಾಗಿದ್ದ. ಈಗ ನನ್ನ ಸೈಟಿನ ಹೆಲ್ಪರ್ ಹುಡುಗರು ಶುಕ್ರವಾರ ಮೆಟ್ರೊ ಹತ್ತಿ ಊರು ಸುತ್ತುತ್ತಾರೆ. ಇದು ರೆಸಾರ್ಟ್ ಅಲ್ಲ. ಎಣ್ಣೆ ಮುಗಿದರೂ ಉಳಿಯುವಂಥದ್ದು.

ಕೆಂಪು ಸಮುದ್ರದ ಕಡೆಯ ಹೊಸ ಪಟ್ಟಣದ ಯೋಜನೆ ನಿಯೋಮ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಲ್ಲಿ 170 ಕಿಲೋಮೀಟರ್ ಉದ್ದ, 500 ಮೀಟರ್ ಎತ್ತರದ ಗೋಡೆಯಂಥ ನಗರ ಅಂದಿದ್ದರು. 2030ರೊಳಗೆ 2.4 ಕಿಲೋಮೀಟರ್ ಮಾತ್ರ ಅಂತ 2024ರಲ್ಲೇ ಸುದ್ದಿ ಬಂತು. ಆ ಕಡೆ ಹೋಗಿದ್ದ ನಮ್ಮವರು ಕೆಲವರು ವಾಪಸ್ ರಿಯಾದ್‌ಗೆ ಬಂದು ಕೆಲಸ ಹುಡುಕುತ್ತಿದ್ದಾರೆ. ನನ್ನ ಲೈನಿನಲ್ಲೂ ಬಿಲ್ ಪಾಸಾಗೋದು ತಡವಾಗುತ್ತಿದೆ. ಆದರೆ ಎಕ್ಸ್‌ಪೊ 2030 ಇದೆ, 2034ಕ್ಕೆ ಫುಟ್‌ಬಾಲ್ ವಿಶ್ವಕಪ್ ಇದೆ. ದುಡ್ಡು ಅತ್ತ ಹೋಗುತ್ತಿದೆ. ಕೆಲಸ ಇಲ್ಲ ಅನ್ನೋ ಹಾಗಿಲ್ಲ.

ಸುಮ್ಮನಿರಲಾರದ ಓದುಗ

ಸಮಾಜ ಬದಲಾಯಿತು ಅಂತ ಎಲ್ಲರೂ ಬರೆಯುತ್ತಿದ್ದೀರಿ. ಒಂದು ವಿಷಯ ಬಿಟ್ಟುಹೋಗುತ್ತಿದೆ. ಹೆಂಗಸರಿಗೆ ಕಾರು ಓಡಿಸಲು ಬಿಡಿ ಅಂತ ವರ್ಷಗಟ್ಟಲೆ ಹೋರಾಡಿದ ಲುಜೈನ್ ಅಲ್ ಹತ್ಲೂಲ್ ಅವರನ್ನು 2018ರ ಮೇ ತಿಂಗಳಲ್ಲಿ ಹಿಡಿದು ಒಳಗೆ ಹಾಕಿದರು. ಕಾನೂನು ಜಾರಿಯಾಗಲು ಒಂದು ತಿಂಗಳು ಬಾಕಿ ಇತ್ತು. ಅವರು ಹೊರಗೆ ಬಂದದ್ದು 2021ರ ಫೆಬ್ರವರಿಯಲ್ಲಿ. ನಿಯೋಮ್‌ಗಾಗಿ ಮನೆ ಬಿಡುವುದಿಲ್ಲ ಅಂತ ವಿಡಿಯೊ ಮಾಡಿದ ಹುವೈತಾತ್ ಪಂಗಡದ ಅಬ್ದುಲ್ ರಹೀಮ್ ಅಲ್ ಹುವೈತಿ 2020ರ ಏಪ್ರಿಲ್‌ನಲ್ಲಿ ಭದ್ರತಾ ಪಡೆಯ ಗುಂಡಿಗೆ ಸತ್ತರು. 2018ರಲ್ಲಿ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟಿನೊಳಗೆ ಕೊಲೆಯಾದ ಪತ್ರಕರ್ತ ಜಮಾಲ್ ಖಶೋಗಿ ಕಥೆ ಎಲ್ಲರಿಗೂ ಗೊತ್ತು. ಕೊಟ್ಟದ್ದನ್ನು ತೆಗೆದುಕೋ, ಕೇಳಬೇಡ ಅಂತಾದರೆ ಆ ಬದಲಾವಣೆಯನ್ನು ಪೂರ್ತಿ ಒಳ್ಳೇದು ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ.

ಜುಬೈಲ್ ಫಿಟ್ಟರ್

ನೀವು ಬರೆದದ್ದು ಸರಿ. ಬರೆದದ್ದು ಒಳ್ಳೇದಾಯಿತು. ಈಗ ಅಲ್ಲೇ ಇರುವವರು ಇದಕ್ಕೆ ಉತ್ತರ ಬರೆಯಬೇಡಿ. ಲೈಕ್ ಕೂಡ ಒತ್ತಬೇಡಿ. ಇದು ಅಣ್ಣನ ಸ್ಥಾನದಲ್ಲಿ ನಿಂತು ಹೇಳುವ ಮಾತು.

ಪಾದೂರು ಹತ್ತಿರದವನು

ನಾನು ಉಡುಪಿ ಜಿಲ್ಲೆಯವನು. ನಮ್ಮ ಪಾದೂರಿನ ಬಂಡೆಯೊಳಗೆ ದೇಶದ ತುರ್ತು ಎಣ್ಣೆ ಸಂಗ್ರಹ ಇದೆ, 25 ಲಕ್ಷ ಟನ್ ಹಿಡಿಯುತ್ತದೆ. ಮಂಗಳೂರಿನಲ್ಲಿ ಇನ್ನೊಂದು, 15 ಲಕ್ಷ ಟನ್‌ನದ್ದು. ಕೊಲ್ಲಿಯಿಂದ ಬರುವ ಹಡಗುಗಳನ್ನು ನೋಡಿಕೊಂಡೇ ಬೆಳೆದವರು ನಾವು.

ನಾನು ಕೇಳಬೇಕೆಂದಿರುವುದು ನಮ್ಮ ಕಡೆಯದ್ದು. ಇಲ್ಲಿನ ಎಷ್ಟು ಮನೆಗಳು ಆ ದುಡ್ಡಿನಿಂದ ಎದ್ದಿವೆ! ತಾರಸಿ, ಬಾವಿ, ತಂಗಿಯ ಮದುವೆ, ಮಗನ ಎಂಜಿನಿಯರಿಂಗ್ ಸೀಟು. ದೇವಸ್ಥಾನದ ಬ್ರಹ್ಮಕಲಶ, ಮಸೀದಿ, ಇಗರ್ಜಿಯ ಹಬ್ಬ, ಎಲ್ಲದಕ್ಕೂ ಅಲ್ಲಿಂದ ಬಂದ ಹಣ ಇದೆ. ಎಣ್ಣೆಯನ್ನು ನಂಬಿ ಬದುಕಿದ್ದು ಅವರು ಮಾತ್ರ ಅಲ್ಲ, ನಾವೂ ಅಲ್ವಾ? ಅವರು 2016ರಲ್ಲಿ ಕೂತು ಯೋಚಿಸಿದರು. ನಾವು ನಮ್ಮ ಪಂಚಾಯಿತಿಯಲ್ಲಿ ಯಾವತ್ತಾದರೂ ಕೂತು ಯೋಚಿಸಿದ್ದೇವಾ?

ಧಾರವಾಡದ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದಿರಿ. ರಿಸರ್ವ್ ಬ್ಯಾಂಕ್ ಸಮೀಕ್ಷೆಗಳ ಪ್ರಕಾರ, ಭಾರತಕ್ಕೆ ಹೊರಗಿನಿಂದ ಬರುವ ಹಣದಲ್ಲಿ ಸೌದಿಯ ಪಾಲು 2016–17ರಲ್ಲಿ ನೂರಕ್ಕೆ 11.6 ಇತ್ತು. 2023–24ರಲ್ಲಿ 6.7. ಅಮೆರಿಕದ ಪಾಲು ಏರಿದೆ. ಅಲ್ಲಿಂದ ಕಳಿಸುವವರು ಬೇರೆ ಮನೆಗಳವರು. ಫಿಟ್ಟರ್, ಡ್ರೈವರ್ ಮನೆಗಳಿಗೆ ಆ ದಾರಿ ಇಲ್ಲ.

ದಮ್ಮಾಮ್‌ನಲ್ಲಿ ಬೆಳೆದವಳು

ಭಟ್ಕಳದ ಅಕ್ಕಾ, ಅಪ್ಪ ಇನ್ನೂ ಅಲ್ಲೇ ಇದ್ದಾರೆ. ಅವರ ಕೆಲಸವನ್ನು ಒಬ್ಬ ಸೌದಿ ಹುಡುಗನಿಗೆ ಕಲಿಸುತ್ತಿದ್ದಾರೆ. ಕಲಿಸಿ ಮುಗಿದಮೇಲೆ ಬರುತ್ತಾರಂತೆ. "ಹುಡುಗ ಚುರುಕು, ಬೇಗ ಕಲಿಯುತ್ತಾನೆ" ಅಂತ ಹೊಗಳುತ್ತಾರೆ. ನಮ್ಮ ಅಪ್ಪ ಹಾಗೇ.

ಜುಬೈಲ್ ಫಿಟ್ಟರ್

ಎಲ್ಲರಿಗೂ ಕೈಮುಗಿದೆ. ಇಷ್ಟು ಓದಿದ ಮೇಲೆ ಅಕ್ಕನ ಮನೆಗೆ ಹೋಗಿ ಕೂತು ಮಾತಾಡಿದೆ. ಹೋಗಬೇಡ ಅಂತ ಹೇಳಲಿಲ್ಲ. ಹೀಗೆ ಹೇಳಿದೆ.

ಕಟ್ಟುವ ಕೆಲಸಕ್ಕಿಂತ ನಡೆಸುವ ಕೆಲಸ ಹಿಡಿ. ಕಟ್ಟಡ ಮುಗಿದರೆ ಕಟ್ಟಿದವನು ಹೊರಗೆ. ಎಸಿ, ಲಿಫ್ಟ್, ಪ್ಯಾನೆಲ್ ನೋಡಿಕೊಳ್ಳುವವನು ಕಟ್ಟಡ ನಿಂತಿರುವವರೆಗೂ ಬೇಕು. ಶಟ್‌ಡೌನ್ ಕೆಲಸ ನನ್ನನ್ನು 2016ರಲ್ಲೂ ಉಳಿಸಿದ್ದು ಅದಕ್ಕೇ. ಸಂಬಳ ತಡವಾದರೂ ಕೆಲಸ ಹೋಗಲಿಲ್ಲ. ಹೋಗುವ ಮುಂಚೆ ಇಲ್ಲೇ ಎಲೆಕ್ಟ್ರಿಷಿಯನ್ ಪರೀಕ್ಷೆ ಬರೆಯಬೇಕು, ಈಗ ಸೌದಿಯವರು ಕೇಳುತ್ತಾರೆ. ಏಜೆಂಟ್ ನಮ್ಮ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಂದಣಿ ಆದವನೇ ಆಗಿರಬೇಕು. 2021ರ ಮಾರ್ಚ್‌ನಿಂದ ಕಾನೂನು ಸ್ವಲ್ಪ ಸಡಿಲ ಆಗಿದೆ. ಒಂದು ವರ್ಷ ಮುಗಿದಮೇಲೆ ಕಫೀಲನ, ಅಂದರೆ ಕರೆಸಿಕೊಂಡ ಮಾಲೀಕನ, ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಬಹುದು. ಮನೆಕೆಲಸದವರಿಗೆ, ಮನೆ ಡ್ರೈವರ್‌ಗಳಿಗೆ ಆ ಸೌಲಭ್ಯ ಇಲ್ಲ. ಇದನ್ನೂ ತಿಳಿದಿರು. ಐದು ವರ್ಷದ ಲೆಕ್ಕ ಹಾಕು, ಇಪ್ಪತ್ತರದ್ದಲ್ಲ. ನಮ್ಮ ಕಾಲ ಬೇರೆ ಇತ್ತು.

ಅಕ್ಕ ಕಾಫಿ ತಂದರು. ಹುಡುಗ ಕಾಂಟ್ರಾಕ್ಟ್ ತೆಗೆದು ತೋರಿಸಿದ. ಇಂಗ್ಲಿಷ್ ಬದಿಯಲ್ಲಿ ಎಲೆಕ್ಟ್ರಿಷಿಯನ್ ಅಂತ ಇದೆ. ಅರಬ್ಬಿ ಬದಿಯಲ್ಲಿ "ಆಮಿಲ್" ಅಂತ ಬರೆದಿದ್ದಾರೆ, ಅಂದರೆ ಕೂಲಿಯಾಳು. ಅಲ್ಲಿ ನಡೆಯೋದು ಅರಬ್ಬಿಯದ್ದೇ. ಏಜೆಂಟನಿಗೆ ಫೋನ್ ಮಾಡಿದೆವು. ತಿದ್ದಿಸಿ ಕಳಿಸುತ್ತೇನೆ ಅಂದಿದ್ದಾನೆ. ಆ ಕಾಗದ ಬರುವವರೆಗೆ ಪಾಸ್‌ಪೋರ್ಟ್ ಕೊಡಬೇಡ ಅಂತ ಹೇಳಿ ಬಂದಿದ್ದೇನೆ.